ಅಮ್ಮನ ಸೈಕಲ್ಲು ಮಗಳಿಗೆ, ಅಜ್ಜನದು ಅಜ್ಜನಿಗೇ

ಪ್ರಶ್ನೆ: ನಮ್ಮದು ಕಾಸರಗೋಡಿನ ಪೈವಳಿಕೆಯ ಹತ್ತಿರ ಗುಡ್ಡೆಯ ಮೇಲಿನ ಮನೆ. ಕೊಟ್ಟಿಗೆಯ ಮೂಲೆಯಲ್ಲಿ ಮೂರು ಸೈಕಲ್ಲುಗಳಿವೆ. ಒಂದು ಅಜ್ಜ ಓಡಿಸುತ್ತಿದ್ದ ರಾಡ್ ಬ್ರೇಕಿನ 28 ಅಂಗುಲದ್ದು. ಇನ್ನೊಂದು ನನ್ನ ಹೆಂಡತಿ ಕಾಲೇಜಿಗೆ ಹೋಗುತ್ತಿದ್ದ 26 ಅಂಗುಲದ ಲೇಡೀಸ್ ಸೈಕಲ್. ಮತ್ತೊಂದು ಅಣ್ಣನ ಮಗ ಗಲ್ಫಿಗೆ ಹೋಗುವಾಗ ಬಿಟ್ಟುಹೋದ ಗೇರಿನ ಸೈಕಲ್. ಅದರ ಗೇರು ಮುರಿದಿದೆ. ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಕೊಡಲು ಮನಸ್ಸಿಲ್ಲ. ಮೂರನ್ನೂ ಬಿಚ್ಚಿ, ಭಾಗಗಳನ್ನು ಅದಲುಬದಲು ಮಾಡಿ ಹನ್ನೊಂದು ವರ್ಷದ ಮಗಳಿಗೊಂದು ಒಳ್ಳೆಯ ಸೈಕಲ್ ಕಟ್ಟಬೇಕೆಂದಿದ್ದೇನೆ. ಉಳಿದ ಎರಡು ಫ್ರೇಮುಗಳನ್ನು ಬೆಸೆದು ನಾನೂ ಹೆಂಡತಿಯೂ ಒಟ್ಟಿಗೆ ತುಳಿಯುವ ಜೋಡಿ ಸೈಕಲ್ ಮಾಡಿಸುವ ಆಸೆಯೂ ಇದೆ. ಆದರೆ ಮೊದಲ ಹೆಜ್ಜೆಯಲ್ಲೇ ಎಡವಿದೆ. ಲೇಡೀಸ್ ಸೈಕಲ್ಲಿಗೆಂದು 26 ಅಂಗುಲದ ಹೊಸ ಟಯರ್ ತಂದರೆ ಅದು ರಿಮ್ಮಿಗೆ ಹತ್ತಲೇ ಇಲ್ಲ. ಹತ್ತಿಸಲು ಹೋಗಿ ಅಡುಗೆಮನೆಯ ಎರಡು ಚಮಚ ಬಗ್ಗಿದವು. ಅಂಗಡಿಯವರು ಮೋಸ ಮಾಡಿದರೇ?

ಉತ್ತರ: ಟಯರಿನ ವಿಷಯವನ್ನು ಮೊದಲು ಮುಗಿಸೋಣ. ಅಂಗಡಿಯವರ ಮೇಲಿನ ಸಿಟ್ಟು ಇಳಿಯದೆ ಮುಂದಿನ ಮಾತು ನಿಮ್ಮ ಕಿವಿಗೆ ಹೋಗುವುದಿಲ್ಲ. ಅವರು ಮೋಸ ಮಾಡಿಲ್ಲ. ನೀವು ‘ಇಪ್ಪತ್ತಾರು’ ಎಂದು ಕೇಳಿದಿರಿ, ಅವರು ಇಪ್ಪತ್ತಾರನ್ನೇ ಕೊಟ್ಟರು. ಸೈಕಲ್ ಲೋಕದಲ್ಲಿ ಇಪ್ಪತ್ತಾರು ಎನ್ನುವುದು ಒಂದು ಅಳತೆಯಲ್ಲ, ಒಂದು ಕುಟುಂಬದ ಹೆಸರು. ಅದೇ ಮನೆತನದವರು ನಾಲ್ಕೈದು ಮಂದಿ ಇದ್ದಾರೆ, ಒಬ್ಬರ ಅಂಗಿ ಇನ್ನೊಬ್ಬರಿಗೆ ಆಗುವುದಿಲ್ಲ.

ಹೆಂಡತಿಯವರ ಸೈಕಲ್ಲಿನ ಹಳೆಯ ಟಯರಿನ ಪಕ್ಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿಯಿರಿ. 26×1⅜ ಎಂದು ಉಬ್ಬು ಅಕ್ಷರದಲ್ಲಿ ಕಾಣುತ್ತದೆ, ಅಲ್ಲೇ ಸಣ್ಣದಾಗಿ 37-590 ಎಂದೂ ಇರುತ್ತದೆ. ಈಗ ಹೊಸ ಟಯರನ್ನು ನೋಡಿ. 26×1.95, ಬದಿಯಲ್ಲಿ 50-559 ಎಂದಿರಬಹುದು. ಗೆರೆಯ ನಂತರದ ಮೂರಂಕಿಯ ಸಂಖ್ಯೆಯೇ ನಿಜವಾದ ಅಳತೆ. ಟಯರಿನ ಅಂಚು ರಿಮ್ಮಿನಲ್ಲಿ ಕೂರುವ ವೃತ್ತದ ವ್ಯಾಸ ಅದು, ಮಿಲಿಮೀಟರಿನಲ್ಲಿ. 590ರ ರಿಮ್ಮಿಗೆ 559ರ ಟಯರ್ ಹಾಕಹೊರಟರೆ 31 ಮಿಲಿಮೀಟರ್ ಕೊರತೆ. ಚಮಚ ಬಗ್ಗದೆ ಇನ್ನೇನು? ಹಾಗಾದರೆ ಎರಡಕ್ಕೂ 26 ಎಂಬ ಹೆಸರು ಯಾಕೆ ಎಂದರೆ, ಗಾಳಿ ತುಂಬಿದ ಮೇಲಿನ ಹೊರಗಿನ ಅಳತೆಯಿಂದ. 590ಕ್ಕೆ ಎರಡು ಬದಿಯ 37 ಸೇರಿಸಿದರೆ 664, 559ಕ್ಕೆ ಎರಡು ಬದಿಯ 50 ಸೇರಿಸಿದರೆ 659. ಎರಡೂ ಹೆಚ್ಚುಕಡಿಮೆ 26 ಅಂಗುಲ. ಇನ್ನೊಂದು ಎಚ್ಚರಿಕೆ: ಒಂದು ಮುಕ್ಕಾಲು ಅಂಗುಲವನ್ನು 1¾ ಎಂದು ಬರೆದರೆ ಒಂದು ಟಯರ್, 1.75 ಎಂದು ಬರೆದರೆ ಬೇರೆ ಟಯರ್. ಶಾಲೆಯ ಗಣಿತದಲ್ಲಿ ಅವೆರಡೂ ಸಮ, ಸೈಕಲ್ ಅಂಗಡಿಯಲ್ಲಿ ಅಲ್ಲ. ಅಜ್ಜನ ಸೈಕಲ್ಲಿನ 28×1½ಕ್ಕೆ ಸಂಖ್ಯೆ 635. ಗೇರಿನದು ಬಹುಶಃ 559. ಮೂರು ಸೈಕಲ್ಲು, ಮೂರು ವ್ಯಾಸ. ಅಂದರೆ ನಿಮ್ಮ ಕೊಟ್ಟಿಗೆಯಲ್ಲಿ ಟಯರ್, ರಿಮ್, ಚಕ್ರ ಯಾವುದೂ ಒಂದರಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಅದಲುಬದಲಿನ ಕನಸಿನ ಮುಕ್ಕಾಲು ಪಾಲು ಇಲ್ಲಿಗೇ ಮುಗಿಯಿತು.

ಚಕ್ರವನ್ನೇ ಇಡಿಯಾಗಿ ಬದಲಿಸಿದರೆ ಎಂದು ಕೇಳುತ್ತೀರಿ. ಲೇಡೀಸ್ ಫ್ರೇಮಿಗೆ ಗೇರಿನ ಸೈಕಲ್ಲಿನ ಅಲ್ಯೂಮಿನಿಯಂ ಚಕ್ರ ಹಾಕಿದರೆ ರಿಮ್ಮಿನ ಅಂಚು ಹದಿನೈದೂವರೆ ಮಿಲಿಮೀಟರ್ ಒಳಗೆ ಹೋಗುತ್ತದೆ, ಬ್ರೇಕಿನ ರಬ್ಬರ್ ಅಷ್ಟು ಕೆಳಗೆ ಇಳಿಯುವುದಿಲ್ಲ. ಅದಲ್ಲದೆ ಗೇರಿನ ಸೈಕಲ್ಲಿನ ಹಿಂದಿನ ಹಬ್ಬು, ಅಂದರೆ ಕಡ್ಡಿಗಳೆಲ್ಲ ಸೇರುವ ಚಕ್ರದ ನಡುಭಾಗ, ಅಗಲ. ಹಿಂದಿನ ಚಕ್ರಕ್ಕೆ ಒಂದೇ ಹಲ್ಲಿನ ಗಾಲಿ (ಫ್ರೀವೀಲ್) ಇರುವ ಹಳೆಯ ಫ್ರೇಮುಗಳ ಹಿಂಗಾಲಿನ ನಡುವೆ ಸುಮಾರು 110 ಮಿಲಿಮೀಟರ್ ಜಾಗವಿದ್ದರೆ ಗೇರಿನ ಹಬ್ಬಿಗೆ ಸಾಮಾನ್ಯವಾಗಿ 135 ಬೇಕು. ಉಕ್ಕಿನ ಫ್ರೇಮನ್ನು ಸ್ವಲ್ಪ ಅಗಲಿಸಬಹುದು, ನಿಜ. ಆದರೆ 25 ಮಿಲಿಮೀಟರ್ ‘ಸ್ವಲ್ಪ’ ಅಲ್ಲ.

ಹಾಗಾಗಿ ನನ್ನ ಸಲಹೆ ನೀವು ಕೇಳಿದ್ದಕ್ಕಿಂತ ಬೇರೆಯೇ. ಹೆಂಡತಿಯವರ ಸೈಕಲ್ಲು ಮಗಳಿಗೆ ಹೋಗಲಿ. ಗೇರಿನದು ನೀವಿಬ್ಬರೂ ಸರದಿಯಲ್ಲಿ ಓಡಿಸಲು ಇರಲಿ. ಅಜ್ಜನದ್ದರಿಂದ ಒಂದು ನಟ್ಟನ್ನೂ ಬೇರೆ ಸೈಕಲ್ಲಿಗೆ ತೆಗೆಯಬೇಡಿ, ಅದನ್ನು ಅದಾಗಿಯೇ ಏಳಿಸಿ. ಸೈಕಲ್ ಕಟ್ಟುವುದೆಂದರೆ ಭಾಗಗಳನ್ನು ಸೇರಿಸುವುದು ಎಂದು ಎಲ್ಲರೂ ಶುರುಮಾಡುತ್ತಾರೆ. ಯಾರ ಕಾಲು ಎಷ್ಟು ಉದ್ದ, ಅವರು ಯಾವ ರಸ್ತೆಯಲ್ಲಿ ಹೋಗುತ್ತಾರೆ ಎಂಬಲ್ಲಿಂದ ಶುರುಮಾಡಿದರೆ ಅರ್ಧ ಭಾಗಗಳು ತಾವಾಗಿಯೇ ಆಯ್ಕೆಯಾಗುತ್ತವೆ.

ಹನ್ನೊಂದರ ಹುಡುಗಿಗೆ ಲೇಡೀಸ್ ಫ್ರೇಮು ಯಾಕೆ ಒಳ್ಳೆಯದೆಂದರೆ ಅದಕ್ಕೆ ಅಡ್ಡ ಬಾರ್ ಇಲ್ಲ. ನಮ್ಮ ಕಾಲದಲ್ಲಿ ಬಾರಿನ ಕೆಳಗಿಂದ ಕಾಲು ತೂರಿಸಿ ಒಳಪೆಡಲ್ ಹೊಡೆದು, ಮೊಣಕಾಲಿನ ಚರ್ಮ ಕೊಟ್ಟು ಕಲಿತೆವು. ಆ ಪರಂಪರೆ ಮುಂದುವರಿಯಬೇಕಾಗಿಲ್ಲ. ಸೀಟನ್ನು ಪೂರ್ತಿ ಇಳಿಸಿ ಕೂರಿಸಿ. ಎರಡೂ ಪಾದಗಳ ಮುಂಭಾಗ ನೆಲಕ್ಕೆ ತಾಗಿದರೆ ಈ ವರ್ಷಕ್ಕೆ ಸಾಕು. ಧೈರ್ಯ ಬಂದ ಮೇಲೆ ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗುವಷ್ಟು ಏರಿಸಿ. ಏರಿಸುವಾಗ ಸೀಟಿನ ಕಂಬದ ಮೇಲೆ ಕೊರೆದಿರುವ ಗೆರೆ ಹೊರಗೆ ಕಾಣಬಾರದು. ಹ್ಯಾಂಡಲಿನ ಕಂಬಕ್ಕೂ ಅದೇ ನಿಯಮ.

ಕೆಲಸ ಶುರುವಾಗುವ ಮೊದಲು ಫ್ರೇಮು ನೆಟ್ಟಗಿದೆಯೇ ನೋಡಬೇಕು. ಇದಕ್ಕೆ ಒಂದು ಗಟ್ಟಿ ದಾರ ಸಾಕು. ಹಿಂದಿನ ಚಕ್ರ ತೆಗೆದು, ಆಕ್ಸಲ್ ಕೂರುವ ಎಡಗಡೆಯ ಸೀಳಿಗೆ ದಾರದ ತುದಿ ಕಟ್ಟಿ, ಮುಂದೆ ಹ್ಯಾಂಡಲಿನ ಕೆಳಗಿನ ಕೊಳವೆಯನ್ನು ಬಳಸಿ ತಂದು, ಬಲಗಡೆಯ ಸೀಳಿಗೆ ಬಿಗಿಯಾಗಿ ಕಟ್ಟಿ. ಈಗ ಸೀಟಿನ ಕೊಳವೆ ಎರಡು ದಾರಗಳ ನಡುವೆ ನಿಂತಿರುತ್ತದೆ. ಎಡದ ದಾರಕ್ಕೂ ಕೊಳವೆಗೂ ಇರುವ ಅಂತರ, ಬಲದ ದಾರಕ್ಕೂ ಕೊಳವೆಗೂ ಇರುವ ಅಂತರ ಒಂದೇ ಇರಬೇಕು. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ. ಐದಾರು ಬಂದರೆ ಆ ಸೈಕಲ್ಲು ಎಂದೋ ಚರಂಡಿಗೆ ಬಿದ್ದಿದೆ, ಬಿದ್ದವರು ಮನೆಯಲ್ಲಿ ಹೇಳಿಲ್ಲ. ಹ್ಯಾಂಡಲ್ ಕೊಳವೆಯ ಹಿಂದೆ, ಕೆಳಗಿನ ಬಾರಿನ ಅಡಿಯಲ್ಲಿ ಬೆರಳಾಡಿಸಿ. ಬಣ್ಣ ಸುಕ್ಕುಗಟ್ಟಿದಂತೆ ತೋರಿದರೆ ಅಥವಾ ಕೂದಲೆಳೆಯಂಥ ತುಕ್ಕಿನ ಗೆರೆ ಇದ್ದರೆ ಆ ಫ್ರೇಮನ್ನು ಗುಜರಿಯವರಿಗೇ ಕೊಡಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಸೈಕಲ್ಲನ್ನು ತಲೆಕೆಳಗು ಮಾಡಿದಾಗ ಸೀಟಿನ ಕೊಳವೆಯಿಂದ ಆಟಿ ತಿಂಗಳ ನೀರು ಸುರಿದರೆ ಆಶ್ಚರ್ಯಪಡಬೇಡಿ. ಒಣಗಿಸಿ, ಗ್ಯಾರೇಜಿನಲ್ಲಿ ಸಿಗುವ ಸುಟ್ಟ ಆಯಿಲ್ ಸ್ವಲ್ಪ ಒಳಗೆ ಹೊಯ್ದು ಅತ್ತಿತ್ತ ಹೊರಳಿಸಿ ಬಸಿಯಿರಿ.

ಬಿಚ್ಚುವಾಗ ಎಲ್ಲರೂ ಸೋಲುವುದು ಎಡ ಪೆಡಲಿನ ಹತ್ತಿರ. ಅದರ ಮರೆ, ಅಂದರೆ ಸ್ಕ್ರೂವಿನ ಸುರುಳಿ ಗೆರೆ, ಉಲ್ಟಾ. ಯಾವ ಕಡೆಗೆ ಎಂದು ಪ್ರತಿಸಲ ಯೋಚಿಸುವ ಬದಲು ಇಷ್ಟು ನೆನಪಿಡಿ: ಸ್ಪ್ಯಾನರನ್ನು ಪೆಡಲಿಗೆ ಸಿಕ್ಕಿಸಿ ಹಿಡಿ ಮೇಲಕ್ಕೆ ನಿಲ್ಲುವಂತೆ ಮಾಡಿ, ಹಿಂದಿನ ಚಕ್ರದ ಕಡೆಗೆ ತಳ್ಳಿ. ಎಡವಾದರೂ ಬಲವಾದರೂ ಸಡಿಲವಾಗುತ್ತದೆ. ಎರಡು ಪೆಡಲುಗಳ ನಡುವಿನ ಆಕ್ಸಲ್ ಕೂರುವ ಬಟ್ಟಲುಗಳಲ್ಲಿ ಚೈನ್ ಇರುವ ಕಡೆಯದೂ ಉಲ್ಟಾ ಮರೆಯದ್ದೇ. ಅದು ಒಳ್ಳೆಯ ಸ್ಥಿತಿಯಲ್ಲಿದ್ದರೆ ತೆಗೆಯುವ ಅಗತ್ಯವಿಲ್ಲ, ಎಡಗಡೆಯಿಂದಲೇ ಒಳಗಿನದನ್ನೆಲ್ಲ ತೊಳೆಯಬಹುದು.

ಫ್ರೀವೀಲ್ ತೆಗೆಯುವ ಮಾತು ಬಂದಾಗ ನನ್ನ ಕಥೆಯೊಂದನ್ನು ಹೇಳಲೇಬೇಕು. ನಾನು ಕೆಲಸ ಕಲಿತದ್ದು ಮಾವನ ಅಂಗಡಿಯಲ್ಲಿ, ಗಂಟೆಗಿಷ್ಟು ಎಂದು ಬಾಡಿಗೆಗೆ ಸೈಕಲ್ ಕೊಡುತ್ತಿದ್ದ ಕಾಲ. ಎಂಟಾಗಿ ಬೆಂಡಾದ ಹಿಂದಿನ ಚಕ್ರವೊಂದನ್ನು ಕೊಟ್ಟು, ಹಬ್ಬನ್ನೂ ಫ್ರೀವೀಲನ್ನೂ ಉಳಿಸಿ ರಿಮ್ಮನ್ನು ಎಸೆ ಎಂದರು. ನಾನು ಜಾಣತನದಿಂದ ಕತ್ತರಿ ಹಿಡಿದು ಕಡ್ಡಿಗಳನ್ನೆಲ್ಲ ಕತ್ತರಿಸಿದೆ. ಐದು ನಿಮಿಷದ ಕೆಲಸ. ಆಮೇಲೆ ಅಂಗೈಯಗಲದ ಹಬ್ಬು ಕೈಯಲ್ಲಿ ಉಳಿಯಿತು, ಅದಕ್ಕೆ ಕಚ್ಚಿಕೊಂಡ ಫ್ರೀವೀಲು ತೆಗೆಯಲು ಹಿಡಿದುಕೊಳ್ಳುವುದೇನನ್ನು? ವರ್ಷಗಟ್ಟಲೆ ತುಳಿದ ಕಾಲುಗಳು ಅದನ್ನು ಬಿಗಿಮಾಡುತ್ತಲೇ ಬಂದಿರುತ್ತವೆ. ‘ತೆಂಗಿನ ಮರ ಕಡಿದಾದ ಮೇಲೆ ಏಣಿ ಹುಡುಕುತ್ತೀಯಾ?’ ಎಂದರು ಮಾವ. ಸರಿಯಾದ ದಾರಿ ಹೀಗಿದೆ: ಚಕ್ರ ಇಡಿಯಾಗಿರುವಾಗಲೇ ಫ್ರೀವೀಲಿನ ಹಲ್ಲಿಗೆ ಹೊಂದುವ ರಿಮೂವರನ್ನು ವೈಸಿನಲ್ಲಿ ಕಚ್ಚಿಸಿ, ಅದರ ಮೇಲೆ ಚಕ್ರವನ್ನು ಕೂರಿಸಿ, ರಿಮ್ಮನ್ನು ಬಸ್ಸಿನ ಸ್ಟೀರಿಂಗಿನ ಹಾಗೆ ಎಡಕ್ಕೆ ತಿರುಗಿಸಬೇಕು. ‘ಟಕ್’ ಎನ್ನುತ್ತದೆ, ಬರುತ್ತದೆ.

ನಿಮಗೆ ಈ ಕೆಲಸ ಬೀಳುವುದು ಮಗಳ ಸೈಕಲ್ಲಿಗೆ, ಏಕೆಂದರೆ ಅದರ ತುಳಿತವನ್ನು ಹಗುರ ಮಾಡಬೇಕು. ಮುಂದಿನ ಹಲ್ಲಿನ ಚಕ್ರದ ಹಲ್ಲುಗಳನ್ನು ಎಣಿಸಿ, ಹಿಂದಿನದನ್ನೂ ಎಣಿಸಿ. ಮುಂದೆ 44, ಹಿಂದೆ 18 ಇದೆ ಎಂದಿಟ್ಟುಕೊಳ್ಳೋಣ. 44ನ್ನು 18ರಿಂದ ಭಾಗಿಸಿ ಚಕ್ರದ ಅಳತೆಯಾದ 26ರಿಂದ ಗುಣಿಸಿದರೆ ಸುಮಾರು 64. ಈ ಲೆಕ್ಕ ಹೆಚ್ಚಿದಷ್ಟೂ ತುಳಿತ ಭಾರ. ಸಮತಟ್ಟಿನ ರಸ್ತೆಗೆ ಇದು ಸರಿ. ನಮ್ಮ ಮುರಕಲ್ಲಿನ ಏರಿನಲ್ಲಿ ಮಗು ಇಳಿದು ತಳ್ಳುತ್ತದೆ. ಹಿಂದಿನದನ್ನು 22 ಹಲ್ಲಿನದಕ್ಕೆ ಬದಲಿಸಿದರೆ ಲೆಕ್ಕ 52ಕ್ಕೆ ಇಳಿಯುತ್ತದೆ. ವೇಗ ಕಡಿಮೆಯಾಯಿತೆಂದು ಅವಳು ದೂರಿದರೆ ಸಂತೋಷಪಡಿ. ನಾಲ್ಕು ಹಲ್ಲು ಹೆಚ್ಚಾದರೆ ಚೈನು ಸುಮಾರು ಒಂದು ಅಂಗುಲ ಹೆಚ್ಚು ಬೇಕು. ಫ್ರೇಮಿನ ಸೀಳಿನಲ್ಲಿ ಆಕ್ಸಲನ್ನು ಅರ್ಧ ಅಂಗುಲ ಮುಂದೆ ತರಲು ಜಾಗವಿದ್ದರೆ ಹಳೆಯ ಚೈನೇ ನಡೆಯುತ್ತದೆ. ಅದು ಸವೆದಿಲ್ಲ ಎಂಬ ಷರತ್ತಿನ ಮೇಲೆ. ಮಗಳ ಶಾಲೆಯ ಸ್ಕೇಲು ತನ್ನಿ. ಸೊನ್ನೆಯನ್ನು ಚೈನಿನ ಒಂದು ಪಿನ್ನಿನ ನಡುವಿಗೆ ಇಟ್ಟರೆ ಹನ್ನೆರಡನೆಯ ಅಂಗುಲ ಇನ್ನೊಂದು ಪಿನ್ನಿನ ನಡುವಿಗೇ ಬರಬೇಕು. ಪಿನ್ನು 1/16 ಅಂಗುಲ ದಾಟಿದ್ದರೆ ಚೈನು ಬದಲಿಸಿ. 1/8 ದಾಟಿದ್ದರೆ ಹಲ್ಲುಗಳೂ ಸವೆದು ಹೋಗಿವೆ. ಚೈನಿಗೆ ತೆಂಗಿನೆಣ್ಣೆ ಹಾಕುವ ನಮ್ಮ ಕಡೆಯ ಅಭ್ಯಾಸವನ್ನು ದಯವಿಟ್ಟು ಬಿಡಿ. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಎಣ್ಣೆ. ಮಕರ ತಿಂಗಳ ಬೆಳಿಗ್ಗೆ ಬಾಟಲಿಯಲ್ಲಿ ಏನಾಗುತ್ತದೋ ಚೈನಿನಲ್ಲೂ ಅದೇ ಆಗುತ್ತದೆ, ಮೇಲೆ ಕೆಂಪು ಧೂಳು ಬೇರೆ.

ಬ್ರೇಕಿನ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಪಾಲಿಶ್ ಮಾಡಿದ ಉಕ್ಕಿನ ರಿಮ್ಮು ಒಣಗಿದ್ದಾಗ ಹಿಡಿಯುತ್ತದೆ, ಒದ್ದೆಯಾದಾಗ ಸಾಬೂನು ಹಚ್ಚಿದಂತೆ ಜಾರುತ್ತದೆ. ಹಿಲ್ ಹೈವೇಗೆ ಇಳಿಯುವ ನಿಮ್ಮ ಕಡೆಯ ಜಾಡುಗಳನ್ನು ನಾನು ಕಂಡಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಉಕ್ಕಿನ ರಿಮ್ಮನ್ನು ನಂಬುವುದು ಬೇಡ. ಮಗಳ ಸೈಕಲ್ಲಿಗೆ ಹೊಸದಾಗಿ ಕೊಳ್ಳಬೇಕಾದ ಒಂದೇ ದೊಡ್ಡ ವಸ್ತು ಎಂದರೆ ಮುಂದಿನ ಅಲ್ಯೂಮಿನಿಯಂ ರಿಮ್ಮು, 590ರದ್ದು. ಹಣವಿದ್ದರೆ ಹಿಂದಿನದೂ ಇರಲಿ. ಕೊಳ್ಳುವ ಮೊದಲು ಹಬ್ಬಿನ ತೂತು ಎಣಿಸಿ. ಹಳೆಯ ಸೈಕಲ್ಲುಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿಗಳು ಸಾಮಾನ್ಯ. 36ರ ರಿಮ್ಮು ತಂದರೆ ಮತ್ತೆ ಚಮಚದ ಕಥೆ. ಕಡ್ಡಿ ಹೆಣೆಯುವುದನ್ನು ಮೊದಲ ಸಲ ಬಲ್ಲವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತು ನೋಡಿ.

ಇನ್ನೊಂದು ಅಪಾಯ ಅದಲುಬದಲಿನವರಿಗೇ ಕಾದಿರುತ್ತದೆ. ಗೇರಿನ ಸೈಕಲ್ಲಿನ ಬ್ರೇಕ್ ಹಿಡಿಗಳು ಹೊಸದಾಗಿ, ಅಂದವಾಗಿ ಕಾಣುತ್ತವೆ, ಅವನ್ನು ಮಗಳ ಹ್ಯಾಂಡಲಿಗೆ ಹಾಕೋಣ ಎನಿಸುತ್ತದೆ. ಹಾಕಬೇಡಿ. ಎರಡು ಉದ್ದ ತೋಳುಗಳು ಎರಡು ಬದಿಯಲ್ಲಿ ನಿಂತಿರುವ ವಿ ಬ್ರೇಕಿಗೆ ಮಾಡಿದ ಹಿಡಿ, ಕತ್ತರಿಯಂತೆ ಮೇಲಿನಿಂದ ಇಳಿಯುವ ಕ್ಯಾಲಿಪರ್ ಬ್ರೇಕಿನ ಹಿಡಿಗಿಂತ ಸುಮಾರು ಎರಡರಷ್ಟು ಕೇಬಲ್ ಎಳೆಯುತ್ತದೆ. ಅದನ್ನು ಕ್ಯಾಲಿಪರಿಗೆ ಜೋಡಿಸಿದರೆ ಅಂಗಳದಲ್ಲಿ ಹಿಡಿದು ನೋಡಿದಾಗ ಕೈಗೆ ಗಟ್ಟಿಯಾಗಿ, ಭರವಸೆಯಾಗಿ ತೋರುತ್ತದೆ. ಇಳಿಜಾರಿನಲ್ಲಿ ಮಾತ್ರ ಎರಡರಷ್ಟು ಬಲ ಬೇಕಾಗುತ್ತದೆ, ಮಗುವಿನ ಬೆರಳಿಗೆ ಅದು ಎಲ್ಲಿಂದ ಬರಬೇಕು? ಗಟ್ಟಿಯಾಗಿ ತೋರುವ ಬ್ರೇಕು ಒಳ್ಳೆಯ ಬ್ರೇಕು ಎಂದು ನಂಬಿದವರನ್ನು ಬೇಲಿಯಿಂದ ಎತ್ತಿ ಅಭ್ಯಾಸವಿದೆ ನನಗೆ.

ಗೇರಿನ ಸೈಕಲ್ಲಿನಲ್ಲಿ ಮುರಿದದ್ದು ಬಹುಶಃ ಹಿಂದೆ ಚೈನನ್ನು ಸರಿಸುವ ಡಿರೇಲರ್. ಹೆಚ್ಚಾಗಿ ಅದು ತೂಗುವ ಕಿವಿ ಬಗ್ಗಿ, ಕಡ್ಡಿಗೆ ಸಿಕ್ಕಿ ಮುರಿಯುತ್ತದೆ. ಗೇರು ತೆಗೆದೆಸೆದು ಒಂಟಿ ಫ್ರೀವೀಲ್ ಹಾಕಿಸಿ ಎಂದು ಯಾರಾದರೂ ಹೇಳಿದರೆ ಮೊದಲು ಆಕ್ಸಲಿನ ಸೀಳನ್ನು ನೋಡಿ. ಅದು ನೇರ ಕೆಳಕ್ಕೆ ತೆರೆದಿದ್ದರೆ ಚಕ್ರವನ್ನು ಹಿಂದಕ್ಕೆಳೆದು ಚೈನ್ ಬಿಗಿ ಮಾಡಲು ಜಾಗವೇ ಇರುವುದಿಲ್ಲ, ಚೈನು ಜೋತುಬಿದ್ದು ಕಳಚುತ್ತದೆ. ಗುಡ್ಡೆಯ ಮೇಲಿನ ಮನೆಗೆ ಗೇರು ಬೇಕೇ ಬೇಕು. ಕಿವಿ ಉಕ್ಕಿನದಾದರೆ ಒಮ್ಮೆ ನೆಟ್ಟಗೆ ಮಾಡಬಹುದು, ಅಲ್ಯೂಮಿನಿಯಮ್ಮಿನದಾದರೆ ಮುರಿದೀತು, ಹೊಸದೇ ಲೇಸು. ಹೊಸ ಡಿರೇಲರ್, ಚೈನ್, ಕೇಬಲ್ ಹಾಕಿಸಿದರೆ ಅದರ ಕೆಲಸ ಮುಗಿಯಿತು.

ಈಗ ಅಜ್ಜನದು. ಅದು ಯಾವ ಕಂಪನಿಯದೆಂದು ನೀವು ಬರೆದಿಲ್ಲ. ಹೀರೋ ಇರಬಹುದು; ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಲೂಧಿಯಾನದಲ್ಲಿ ಹೀರೋ ಸೈಕಲ್ಸ್ ಶುರುವಾಯಿತು. 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಅಟ್ಲಾಸ್ ಇರಬಹುದು. ಅದರ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಯಾವುದಾದರೂ ಆಗಲಿ, ಈ ಕರಿಯ ಸೈಕಲ್ಲುಗಳೆಲ್ಲ ಒಂದೇ ಇಂಗ್ಲಿಷ್ ಮಾದರಿಯ ಮೊಮ್ಮಕ್ಕಳಾದ್ದರಿಂದ ಬಿಡಿಭಾಗಗಳು ಈಗಲೂ ಹೆಚ್ಚಿನವು ಸಿಗುತ್ತವೆ. ಕಷ್ಟ ಕೊಡುವುದು ಕ್ರ್ಯಾಂಕಿನ, ಅಂದರೆ ಪೆಡಲಿನ ತೋಳಿನ, ಕಾಟರ್ ಪಿನ್; ತೋಳನ್ನು ಆಕ್ಸಲಿಗೆ ಬಿಗಿಯುವ ಪಿನ್ ಅದು. ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಗೆ ಸಮವಾಗುವಷ್ಟು ಮಾತ್ರ ಸಡಿಲಿಸಿ, ಮರೆ ಉಳಿಯುತ್ತದೆ. ಹಿಂದಿನ ಸಂಜೆಯೇ ಸೀಮೆಎಣ್ಣೆ ಬಿಟ್ಟಿರಿ. ಕ್ರ್ಯಾಂಕಿನ ಕೆಳಗೆ ನೆಲಕ್ಕೆ ತಾಗುವಂತೆ ಕಬ್ಬಿಣದ ಪೈಪೊಂದನ್ನು ಆನಿಸಿ, ಪಿನ್ನಿನ ತಲೆ ಆ ಪೈಪಿನ ತೂತಿನೊಳಗೆ ಇಳಿಯುವಂತಿರಲಿ. ಆಮೇಲೆ ಭಾರದ ಸುತ್ತಿಗೆಯಿಂದ ಒಂದೇ ಪೆಟ್ಟು. ಅಳುಕುತ್ತ ಇಪ್ಪತ್ತು ಸಣ್ಣ ಪೆಟ್ಟು ಹೊಡೆದರೆ ಪಿನ್ನಿನ ತುದಿ ಅಣಬೆಯಂತೆ ಅರಳುತ್ತದೆ, ಆಮೇಲೆ ಡ್ರಿಲ್ಲೇ ಗತಿ. ತಿರುಗಿ ಹಾಕುವಾಗ ಎರಡು ಪಿನ್ನುಗಳೂ ಒಂದಕ್ಕೊಂದು ವಿರುದ್ಧ ದಿಕ್ಕಿನಿಂದ ಹೋಗಬೇಕು. ಒಂದೇ ದಿಕ್ಕಿನಿಂದ ಹಾಕಿದರೆ ಎರಡು ಪೆಡಲುಗಳು ಒಂದೇ ಗೆರೆಯಲ್ಲಿ ನಿಲ್ಲದೆ ಕುಂಟುತ್ತವೆ.

ಒಳಗಿನ ಬೇರಿಂಗಿನ ಹಳೆಯ ಗುಂಡುಗಳನ್ನೇ ಮತ್ತೆ ಹಾಕಬೇಡಿ, ಸೈಕಲ್ಲಿನಲ್ಲಿ ಅತ್ಯಂತ ಅಗ್ಗದ ವಸ್ತು ಅದೇ. ಪೆಡಲುಗಳ ನಡುವಿನ ಬಟ್ಟಲಿಗೆ ಬದಿಗೆ ಹನ್ನೊಂದು, ಹಿಂದಿನ ಹಬ್ಬಿಗೆ ಬದಿಗೆ ಒಂಬತ್ತು, ಎರಡೂ ಕಾಲಂಗುಲದ್ದು. ಮುಂದಿನ ಹಬ್ಬಿಗೆ ಸಾಮಾನ್ಯವಾಗಿ 3/16 ಅಂಗುಲದ್ದು, ಬದಿಗೆ ಹತ್ತು. ಗ್ರೀಸ್ ತುಂಬಿ ಗುಂಡುಗಳನ್ನು ಅದರಲ್ಲಿ ನೆಡಿ, ಕೆಳಗೆ ಬೀಳುವುದಿಲ್ಲ. ಈ ಸೈಕಲ್ಲನ್ನು ಭಾನುವಾರ ಸಂಜೆ ಬೈಲಿನ ಸಮತಟ್ಟು ದಾರಿಯಲ್ಲಿ ಓಡಿಸಿ, ಮಳೆಗಾಲದಲ್ಲಿ ಇಳಿಜಾರಿಗೆ ಒಯ್ಯಬೇಡಿ. ಅದರ ರಾಡ್ ಬ್ರೇಕಿನ ರಬ್ಬರ್ ರಿಮ್ಮಿನ ಒಳಮೈಗೆ ಒತ್ತುವಂಥದ್ದು, ಅದೂ ಉಕ್ಕಿನ ರಿಮ್ಮಿಗೆ.

ಜೋಡಿ ಸೈಕಲ್ಲಿನ ಆಸೆಗೆ ತಣ್ಣೀರು ಎರಚುವುದು ನನಗೂ ಇಷ್ಟವಿಲ್ಲ, ಆದರೂ ಎರಚುತ್ತೇನೆ. ಸೈಕಲ್ ಕೊಳವೆಯ ದಪ್ಪ ಬಹಳ ಕಡಿಮೆ. ಗೇಟು, ಗ್ರಿಲ್ಲು ಮಾಡುವವರ ಆರ್ಕ್ ವೆಲ್ಡಿಂಗ್ ಅದನ್ನು ತೂತು ಮಾಡುತ್ತದೆ, ಇಲ್ಲವೇ ಬೆಸುಗೆಯ ಪಕ್ಕದಲ್ಲಿ ಲೋಹವನ್ನು ಸುಟ್ಟು ಪೆಡಸು ಮಾಡುತ್ತದೆ. ಹಳೆಯ ಫ್ರೇಮುಗಳ ಕೀಲುಗಳನ್ನು ಹಿತ್ತಾಳೆ ಕರಗಿಸಿ ಕೂಡಿಸಿರುತ್ತಾರೆ. ಗ್ಯಾಸಿನಲ್ಲಿ ಹಾಗೆಯೇ ಹಿತ್ತಾಳೆ ಬೆಸುಗೆ ಹಾಕಬಲ್ಲವರು ಸಿಕ್ಕಿದರೆ ಫ್ರೇಮೇನೋ ಆಗುತ್ತದೆ. ಆದರೆ ಇಬ್ಬರ ಭಾರವನ್ನು ಒಬ್ಬರಿಗಾಗಿ ಮಾಡಿದ ಎರಡು ಬ್ರೇಕುಗಳು ನಿಮ್ಮ ಗುಡ್ಡೆಯಿಂದ ಇಳಿಸಬೇಕು. ಗಂಡ ಹೆಂಡತಿ ಇಬ್ಬರೂ ಒಂದೇ ಸೈಕಲ್ಲಿನಲ್ಲಿರುವಾಗ ಯಾವ ಕಡೆ ತಿರುಗಬೇಕೆಂಬ ಚರ್ಚೆ ಬೇರೆ. ಬೆಸೆಯುವ ಚಪಲ ತೀರದಿದ್ದರೆ ಗುಜರಿಯಿಂದ ಎರಡು ಸಣ್ಣ ಚಕ್ರ ತಂದು, ತೆಂಗಿನಕಾಯಿ ಹೊರುವ ಗಾಡಿಯೊಂದನ್ನು ಮಾಡಿಸಿ ಗೇರಿನ ಸೈಕಲ್ಲಿನ ಹಿಂದೆ ಕಟ್ಟಿ. ಅದು ಮುರಿದರೆ ಉರುಳುವುದು ಕಾಯಿಗಳು ಮಾತ್ರ.

ಕಟ್ಟಿ ಮುಗಿದ ಮೇಲೆ ಒಂದು ವಾರ ಅಂಗಳದ ಸುತ್ತಲೇ ಓಡಿಸಿ, ಮತ್ತೊಮ್ಮೆ ಎಲ್ಲ ನಟ್ಟುಗಳಿಗೆ ಸ್ಪ್ಯಾನರ್ ಹಾಕಿ. ಕಾಟರ್ ಪಿನ್ ಮತ್ತು ಹೊಸದಾಗಿ ಹೆಣೆದ ಕಡ್ಡಿಗಳು ಮೊದಲ ವಾರ ಸಡಿಲವಾಗಿಯೇ ಆಗುತ್ತವೆ. ಹಿಂದೆ ಮುಂದೆ ಒಂದೊಂದು ರಿಫ್ಲೆಕ್ಟರ್ ಹಾಕಿಸಿ.

ನೀವು ತಂದ ಹೊಸ ಟಯರನ್ನು ಅಂಗಡಿಗೆ ಹಿಂದಿರುಗಿಸಲು ಹೋಗಬೇಡಿ. ಗೇರಿನ ಸೈಕಲ್ಲಿನ ಟಯರಿನ ಪಕ್ಕೆಯ ಮೇಲೆ 559 ಎಂದಿದ್ದರೆ ಅದಕ್ಕೆ ಸರಿಯಾಗಿ ಕೂರುತ್ತದೆ, ಬರಿಗೈಯಲ್ಲೇ. ಚಮಚಗಳ ವಿಷಯವನ್ನು ಹೆಂಡತಿಯವರ ಹತ್ತಿರ ನೀವೇ ನೋಡಿಕೊಳ್ಳಿ.